ಸವೆದ ಬಟನ್, ಒಡೆದ ಬಟನ್

ಬೋರ್ ಗಾಡಿಯವರು ಕಲ್ಲು ಕೊರೆಯುವ ಹಳೇ ಬಿಟ್ ತಂದು ಮುಂದಿಟ್ಟರೆ ನಾನು ಮೊದಲು ನೋಡುವುದು ಬಟನ್ ಸವೆದಿದೆಯೋ, ಒಡೆದಿದೆಯೋ ಅಂತ. ಹಿರಿಯೂರಿನಲ್ಲಿ ಬಿಟ್‌ಗಳಿಗೆ ಸಾಣೆ ಹಿಡಿಯುತ್ತ ಕಲಿತದ್ದರಲ್ಲಿ ಮುಕ್ಕಾಲು ಪಾಲು ಇದೇ.

ಆರೂವರೆ ಇಂಚಿನ ಬಿಟ್ಟಿನ ಮುಖದ ತುಂಬ ದುಂಡುತಲೆಯ ಬಟನ್‌ಗಳು. ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಕೋಬಾಲ್ಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು 1400 ಡಿಗ್ರಿ ಶಾಖದಲ್ಲಿ ಬೇಯಿಸಿದವು. ಹಳೇ ಮೇಸ್ತ್ರಿಗಳು ಈಗಲೂ ಇದಕ್ಕೆ ‘ವಿಡಿಯಾ’ ಅನ್ನುತ್ತಾರೆ, ಬೆಂಗಳೂರಿನ ತುಮಕೂರು ರಸ್ತೆಯ ಆ ಹೆಸರಿನ ಕಾರ್ಖಾನೆ ಕೆನ್ನಾಮೆಟಲ್ ಆಗಿ ಎಷ್ಟೋ ಕಾಲವಾದರೂ. ಕಲ್ಲು ಪುಡಿ ಮಾಡುವುದು ಕಾರ್ಬೈಡ್ ಕಣ, ಅದನ್ನು ಬಿಗಿಹಿಡಿದಿರುವುದು ಕೋಬಾಲ್ಟ್.

ಈಗ ‘ರೇರ್ ಅರ್ತ್ ಹಾಕಿದ ಬಟನ್’ ಎಂದು ಹೆಚ್ಚು ಬೆಲೆ ಹೇಳುವವರು ಬರುತ್ತಾರೆ. ಪೂರ್ತಿ ಬುರುಡೆಯೇನಲ್ಲ. ಸೀರಿಯಂ, ಲ್ಯಾಂಥನಂ, ಯಿಟ್ರಿಯಂನಂಥ ಈ ರೇರ್ ಅರ್ತ್‌ಗಳನ್ನು ಕೋಬಾಲ್ಟಿನ ತೂಕದ ಶೇ. 1–2ರ ಒಳಗೆ ಸೇರಿಸಿದರೆ ಅವು ಒಳಗಿನ ಆಮ್ಲಜನಕ, ಗಂಧಕವನ್ನು ತಮ್ಮತ್ತ ಎಳೆದುಕೊಂಡು ಕಣಗಳ ಸಂದನ್ನು ಚೊಕ್ಕಟ ಮಾಡುತ್ತವೆ. ಆರಿದ ಮೇಲೂ ಕೋಬಾಲ್ಟ್ ಪೆಡಸಾಗದಂತೆ ನೋಡಿಕೊಳ್ಳುತ್ತವೆ. ಗಡಸುತನ ಹೆಚ್ಚುಕಡಿಮೆ ಅಷ್ಟೇ, ಏರುವುದು ಪೆಟ್ಟು ತಾಳುವ ಶಕ್ತಿ. ಅಳತೆ ಮೀರಿತೋ, ಅದೇ ಗಂಟುಗಟ್ಟಿ ಬಿರುಕಿಗೆ ದಾರಿ.

ಹಾಗಾಗಿ ಯಾವ ಕಡೆಯ ಬೋರ್ ಅಂತ ಕೇಳುತ್ತೇನೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಅದಿರಿನ ಪಟ್ಟೆಯೋ ಬೆಣಚುಕಲ್ಲೋ ಸಿಕ್ಕರೆ ಬಟನ್ ಚಪ್ಪಟೆಯಾಗುತ್ತದೆ, ಅಂಚಿನ ಸಾಲು ಮೊದಲು. ಬಿಟ್ಟಿನ ಅಗಲ ಕುಗ್ಗಿ ತೂತು ಕಿರಿದಾಗುತ್ತದೆ. ಆಮೇಲೆ ಇಳಿಸಿದ ಹೊಸ ಬಿಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಥ ಕಡೆ ಸೀರಿಯಂಗೆ ದುಡ್ಡು ಸುರಿಯಬೇಡಿ, ಕೋಬಾಲ್ಟ್ ಕಡಿಮೆಯಿರುವ ಗಡಸು ಬಟನ್ ಕೇಳಿ ಅನ್ನುತ್ತೇನೆ. ಚಿತ್ರದುರ್ಗದ ಸುತ್ತ ಗ್ರಾನೈಟ್ ಬಿರಿದು ಸಂದಿಯಿರುವಲ್ಲಿ ಬಿಟ್ ಎಗರಿ ಬಟನ್ ಚಕ್ಕೆ ಏಳುತ್ತದೆ. ಆ ದುಬಾರಿ ಬಟನ್ ಕೊಟ್ಟ ದುಡ್ಡಿಗೆ ಬಾಳುವುದು ಇಲ್ಲಿ.

ಇನ್ನೊಂದಿದೆ, ಮೋಸದ್ದು. ಮೆತ್ತನೆಯ ಪದರುಕಲ್ಲಿನಲ್ಲಿ ಓಡಿದ ಬಟನ್ ಥಳಥಳ ಹೊಳೆಯುತ್ತದೆ. “ಹೊಸದರಂಗೈತಲ್ಲಣ್ಣ, ಸಾಣೆ ಯಾಕೆ?” ಅನ್ನುತ್ತಾರೆ ಗಾಡಿಯವರು. ಭೂತಗನ್ನಡಿ ಕೈಗೆ ಕೊಡುತ್ತೇನೆ: ತಲೆಯ ತುಂಬ ಹಾವಿನ ಪೊರೆಯಂಥ ಸಣ್ಣ ಬಿರುಕಿನ ಬಲೆ. ಆ ಪದರ ಉಜ್ಜಿ ತೆಗೆಯದಿದ್ದರೆ ಯಿಟ್ರಿಯಂ ಇದ್ದರೂ ಮುಂದಿನ ಗಟ್ಟಿ ಕಲ್ಲಿನಲ್ಲಿ ಹೋಳಾಗುತ್ತದೆ. ಸವೆದದ್ದಾದರೆ, ಚಪ್ಪಟೆ ಜಾಗ ಬಟನ್ನಿನ ಅಗಲದ ಮೂರನೇ ಒಂದು ಪಾಲಾಗುವಷ್ಟರಲ್ಲಿ ತನ್ನಿ ಎಂದು ಹೇಳಿ ಕಳಿಸುತ್ತೇನೆ. 2025ರ ಫೆಬ್ರವರಿಯಲ್ಲಿ ಟಂಗ್‌ಸ್ಟನ್, ಏಪ್ರಿಲ್‌ನಲ್ಲಿ ಯಿಟ್ರಿಯಂ ರಫ್ತಿಗೆ ಚೀನಾ ಬಿಗಿ ಹಿಡಿದ ಮೇಲೆ ಈ ಮಾತಿಗೆ ಸ್ವಲ್ಪ ಕಿವಿಗೊಡುತ್ತಿದ್ದಾರೆ.