ಸೇವೆಯ ಗ್ರಾಹಕ ಯಾರು? ನೇಪಾಳ ಕಲಿಸಿದ ಒಂದು ಪಾಠ



ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ನೇಪಾಳಕ್ಕೆ ಹೋಗಬೇಕೆಂದು ನಾವು ನಾಲ್ವರು ಗೆಳೆಯರು ಕಳೆದ ವರ್ಷದಿಂದ ಲೆಕ್ಕ ಹಾಕುತ್ತಿದ್ದೇವೆ. ಹತ್ತು ದಿನ ತಿರುಗಾಟ, ಐದು ದಿನ ಸೇವೆ. ಸೇವೆ ಎಂದರೆ ಕಠ್ಮಂಡುವಿನ ಒಂದು ಅನಾಥಾಲಯದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು, ಆಟ ಆಡಿಸುವುದು, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವುದು. ನಿಜ ಹೇಳಬೇಕೆಂದರೆ, ಮನೆಯಲ್ಲಿ ಒಪ್ಪಿಗೆ ಸಿಗಲಿ ಎಂದೇ ಸೇವೆಯನ್ನು ಸೇರಿಸಿದ್ದೆವು. ಬರೀ ತಿರುಗಾಟ ಎಂದರೆ ಅಬ್ಬು ಬೇಡ ಎನ್ನುತ್ತಾರೆ. ಖಿದ್ಮತ್ ಎಂದರೆ ಅಮ್ಮಿ ದುಆ ಮಾಡಿ ಕಳಿಸುತ್ತಾರೆ.

ಇದನ್ನು ಅರ್ಥಶಾಸ್ತ್ರದ ಸರ್ ಬಳಿ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಈ ವ್ಯವಹಾರದಲ್ಲಿ ಗ್ರಾಹಕ ಯಾರು?" ಮಕ್ಕಳು ಎಂದೆವು. "ಹಣ ಕೊಡುವವರು ಯಾರು?" ಎಂದರು. ನಾವು ಸುಮ್ಮನಾದೆವು. ಉತ್ತರ ಹುಡುಕುತ್ತಾ ಓದಿ ತಿಳಿದದ್ದನ್ನು ಇಲ್ಲಿ ಪಾಠದಂತೆ ಬರೆದಿದ್ದೇನೆ.

1. ಒಬ್ಬ ಪ್ರವಾಸಿಯ ಅನುಭವ

ಕಾನರ್ ಗ್ರೆನ್ನನ್ ಎಂಬ ಅಮೆರಿಕದ ಯುವಕ 2004ರಲ್ಲಿ ವಿಶ್ವಪ್ರವಾಸಕ್ಕೆ ಹೊರಟರು. ಮೊದಲ ಮೂರು ತಿಂಗಳನ್ನು ಕಠ್ಮಂಡುವಿನ ಹತ್ತಿರದ ಗೋದಾವರಿ ಎಂಬ ಊರಿನ ಮಕ್ಕಳ ಮನೆಯಲ್ಲಿ ಸ್ವಯಂಸೇವಕನಾಗಿ ಕಳೆದರು. ಹಣ ಖರ್ಚು ಮಾಡಿ ಊರೂರು ಸುತ್ತುವುದು ಸ್ವಾರ್ಥದಂತೆ ಕಾಣಬಾರದೆಂದು ಸೇವೆಯನ್ನು ಸೇರಿಸಿಕೊಂಡೆ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅದನ್ನು ಓದಿದಾಗ ನಮಗೆ ನಮ್ಮದೇ ಮುಖ ಕಂಡಿತು.

ಆ ಮನೆಯ ಮಕ್ಕಳನ್ನು ಎಲ್ಲರೂ ಅನಾಥರೆಂದೇ ತಿಳಿದಿದ್ದರು. ಒಂದು ದಿನ ಇಬ್ಬರು ಮಕ್ಕಳ ತಾಯಿ ಬಾಗಿಲಿಗೆ ಬಂದಳು. ಆಗ ಸತ್ಯ ಹೊರಬಿತ್ತು. 1996ರಿಂದ 2006ರವರೆಗೆ ನೇಪಾಳದಲ್ಲಿ ಅಂತರ್ಯುದ್ಧ ನಡೆಯಿತು. ಹುಮ್ಲಾದಂತಹ ದೂರದ ಗುಡ್ಡಗಾಡು ಜಿಲ್ಲೆಗಳಿಗೆ ದಲ್ಲಾಳಿಗಳು ಹೋಗಿ, "ನಿಮ್ಮ ಮಗುವನ್ನು ಕಠ್ಮಂಡುವಿನಲ್ಲಿ ಓದಿಸುತ್ತೇವೆ, ಯುದ್ಧದಿಂದ ಕಾಪಾಡುತ್ತೇವೆ" ಎಂದು ನಂಬಿಸುತ್ತಿದ್ದರು. ಹೆತ್ತವರು ಮಗುವಿನ ಜೊತೆಗೆ ಹಣವನ್ನೂ ಕೊಟ್ಟರು. ಆಮೇಲೆ ಮಗು ಎಲ್ಲಿದೆ ಎಂಬುದೇ ಅವರಿಗೆ ತಿಳಿಯಲಿಲ್ಲ.

2006ರಲ್ಲಿ ಗ್ರೆನ್ನನ್ 'ನೆಕ್ಸ್ಟ್ ಜನರೇಶನ್ ನೇಪಾಳ' ಎಂಬ ಸಂಸ್ಥೆ ಕಟ್ಟಿದರು. ಮಕ್ಕಳ ಫೋಟೊಗಳನ್ನು ಹಿಡಿದು ಹುಮ್ಲಾದ ಹಳ್ಳಿಗಳಲ್ಲಿ ನಡೆದು ಹೆತ್ತವರನ್ನು ಹುಡುಕಿದರು.

2. ಬೇಡಿಕೆ ಮತ್ತು ಪೂರೈಕೆ

ಬೆಲೆ ಏರಿದರೆ ಪೂರೈಕೆ ಏರುತ್ತದೆ ಎಂದು ನಾವು ಓದಿದ್ದೇವೆ. ಇಲ್ಲಿ ಬೆಲೆ ಎಂದರೆ ಸ್ವಯಂಸೇವಕರು ಕಟ್ಟುವ ಶುಲ್ಕ ಮತ್ತು ದೇಣಿಗೆ. ಅನಾಥ ಮಕ್ಕಳ ಜೊತೆ ಇರಬೇಕೆಂಬ ಪ್ರವಾಸಿಗರ ಆಸೆಯೇ ಬೇಡಿಕೆ. ಅನಾಥರು ಸಾಲದಿದ್ದರೆ? ತಾಯಿ ತಂದೆ ಇರುವ ಮಕ್ಕಳನ್ನೇ ತಂದು ಅನಾಥರೆಂದು ತೋರಿಸುತ್ತಾರೆ. ನೇಪಾಳದ ಇಂಥ ಮನೆಗಳಲ್ಲಿರುವ 100 ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಕ್ಕಳಿಗೆ ತಾಯಿ ಅಥವಾ ತಂದೆ ಇದ್ದಾರೆ ಎಂದು ಯುನಿಸೆಫ್ ಹೇಳಿದೆ.

ವ್ಯವಹಾರ ಅಧ್ಯಯನದ ಇನ್ನೊಂದು ಪಾಠವನ್ನೂ ನೆನಪಿಸಿಕೊಳ್ಳಿ. ಕಾರ್ಖಾನೆ ಕಚ್ಚಾವಸ್ತುವಿನ ಹತ್ತಿರ ಇರಬಹುದು, ಮಾರುಕಟ್ಟೆಯ ಹತ್ತಿರವೂ ಇರಬಹುದು. ನೇಪಾಳದ ಮಕ್ಕಳ ಮನೆಗಳಲ್ಲಿ ಬಹುಪಾಲು ಇರುವುದು ಪ್ರವಾಸಿಗರು ಬರುವ ಕಠ್ಮಂಡು ಕಣಿವೆ, ಪೋಖರಾ, ಚಿತ್ವಾನ್ ಕಡೆ. ಮಕ್ಕಳು ಮಾತ್ರ ದೂರದ ಗುಡ್ಡಗಳಿಂದ ಬಂದವರು. ಅಂದರೆ ಆ ಮನೆಗಳು ಗ್ರಾಹಕನ ಹತ್ತಿರ ಇವೆ. ಸರ್ ಕೇಳಿದ ಪ್ರಶ್ನೆಗೆ ಉತ್ತರ ಇದೇ. ಗ್ರಾಹಕರು ನಾವು.

ಎಲ್ಲ ಮಕ್ಕಳ ಮನೆಗಳೂ ಹೀಗಲ್ಲ. ಪ್ರಾಮಾಣಿಕವಾಗಿ ನಡೆಸುವವರೂ ಇದ್ದಾರೆ. ಆದರೆ ಐದು ದಿನಕ್ಕೆ ಬಂದು ಹೋಗುವ ನಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 2015ರ ಏಪ್ರಿಲ್ 25ರ ಭೂಕಂಪದ ನಂತರ ನೇಪಾಳ ಸರ್ಕಾರವು ಹೆತ್ತವರು ಅಥವಾ ಅನುಮತಿ ಇಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಸಾಗಿಸುವುದನ್ನು ನಿಷೇಧಿಸಿತು. ಹೊಸ ಮಕ್ಕಳ ಮನೆಗಳ ನೋಂದಣಿಯನ್ನೂ ನಿಲ್ಲಿಸಿತು. ಸಹಾಯ ಮಾಡಲು ಜನ ಹರಿದು ಬರುವ ಹೊತ್ತಿನಲ್ಲೇ ಈ ಅಪಾಯ ಹೆಚ್ಚು.

3. ಯತೀಮ್ ಎಂದರೆ ಯಾರು?

ನಮ್ಮ ಮನೆಮಾತು ಉರ್ದು. ನಮ್ಮಲ್ಲಿ ಯತೀಮ್ ಎಂದರೆ ತಂದೆ ತೀರಿಕೊಂಡ ಚಿಕ್ಕ ಮಗು. ತಾಯಿ ಇದ್ದರೂ ಆ ಮಗು ಯತೀಮ್. ಹಾಗಾದರೆ ಯತೀಮ್ ಮಗುವಿಗೆ ಸಹಾಯ ಎಂದರೆ ಮೊದಲು ಅದರ ತಾಯಿಗೆ ಸಹಾಯ ಎಂದಾಗಬೇಕಲ್ಲವೇ?

ಈ ಲೇಖನದ ಕರಡನ್ನು ಮನೆಯಲ್ಲಿ ಓದಿ ಹೇಳಿದಾಗ ಅಮ್ಮಿ ನನಗೆ ಗೊತ್ತಿಲ್ಲದ ಒಂದು ಮಾತು ಹೇಳಿದರು. ನಾನಾ ತೀರಿಕೊಂಡಾಗ ಅಮ್ಮಿಗೆ ಏಳು ವರ್ಷ, ಇಬ್ಬರು ಮಾಮೂಗಳು ಇನ್ನೂ ಚಿಕ್ಕವರು. ಮೂವರನ್ನೂ ದೂರದ ಯತೀಮ್‌ಖಾನೆಗೆ ಸೇರಿಸಿಬಿಡಿ ಎಂದು ಬಂಧುಗಳು ನಾನಿಗೆ ಹೇಳಿದ್ದರಂತೆ. ಅದೇ ಬೀದಿಯ ಒಂದು ಮನೆಯವರು ತಿಂಗಳಿಗೆ ಅಕ್ಕಿ ಕೊಟ್ಟು, ಶಾಲೆಯ ಫೀಸು ಕಟ್ಟಿದರು. ನಾನಿ ಬೀಡಿ ಕಟ್ಟಿ ಮೂವರನ್ನೂ ಮನೆಯಲ್ಲೇ ಬೆಳೆಸಿದರು. "ಅವರು ಒಂದು ದಿನವೂ ನಮ್ಮ ಮನೆಯೊಳಗೆ ಬಂದು ನೋಡಲಿಲ್ಲ, ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದರು" ಎಂದರು ಅಮ್ಮಿ. ನಾನು ಕರಡಿನಿಂದ ಅನಾಥಾಲಯದ ಹೆಸರನ್ನು ಅವತ್ತೇ ತೆಗೆದುಹಾಕಿದೆ.

4. ಹಾಗಾದರೆ ಹೋಗಲೇಬಾರದೇ?

ಹೋಗಬಹುದು. ಕೆಲಸ ಯಾವುದು ಎಂಬುದೇ ಮುಖ್ಯ. ಮೊದಲ ಮಹಾಯುದ್ಧದಲ್ಲಿ ನಾಶವಾದ ಫ್ರಾನ್ಸಿನ ವೆರ್ಡನ್ ಹತ್ತಿರದ ಹಳ್ಳಿಯೊಂದನ್ನು ಮತ್ತೆ ಕಟ್ಟಲು 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯರೆ ಸೆರೆಸೋಲ್ ಬೇರೆ ಬೇರೆ ದೇಶಗಳ ಸ್ವಯಂಸೇವಕರನ್ನು ಸೇರಿಸಿದರು. ಶತ್ರುದೇಶವಾಗಿದ್ದ ಜರ್ಮನಿಯವರೂ ಅದರಲ್ಲಿದ್ದರು. ಅಲ್ಲಿಂದ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಸಂಸ್ಥೆ ಬೆಳೆಯಿತು. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳವನ್ನು ನಡುಗಿಸಿದ ಭೂಕಂಪದ ನಂತರ ಸೆರೆಸೋಲ್ ಬಿಹಾರಕ್ಕೂ ಬಂದು ಹಳ್ಳಿಗಳನ್ನು ಕಟ್ಟುವ ಕೆಲಸ ಮಾಡಿದರು. ಮನೆ ಬೇಕಾದವರಿಗೆ ಮನೆ ಕಟ್ಟಿದರು. ಕೆಲಸ ಮುಗಿದ ಮೇಲೂ ಮನೆ ಉಳಿಯಿತು.

ಒಪ್ಪಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕೆಲಸವನ್ನು ಊರಿನವರೇ ಕೇಳಿದ್ದಾರೆಯೇ? ಸಂಬಳ ಪಡೆದು ಮಾಡುವ ಸ್ಥಳೀಯರ ಕೆಲಸವನ್ನು ನಾನು ಕಿತ್ತುಕೊಳ್ಳುತ್ತಿದ್ದೇನೆಯೇ? ನಮ್ಮ ಊರಿನ ಶಾಲೆಯಲ್ಲಿ ನನಗೆ ಈ ಕೆಲಸ ಕೊಡುತ್ತಿದ್ದರೇ? ಮೂರನೆಯದರಲ್ಲಿ ನಾವು ನಾಲ್ವರೂ ಫೇಲ್. ತರಬೇತಿ ಇಲ್ಲದ ಪಿಯುಸಿ ಹುಡುಗರನ್ನು ಇಲ್ಲಿ ಯಾರೂ ಇಂಗ್ಲಿಷ್ ಮೇಷ್ಟ್ರು ಮಾಡುವುದಿಲ್ಲ.

5. ಗೆಳೆಯರ ಜೊತೆ ಹೊರಡುವಾಗ

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗುವ ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ನಮ್ಮಂಥ 15ರಿಂದ 18 ವರ್ಷದವರಿಗೆ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರ ನಡೆಯುತ್ತದೆ. ರೈಲಿನಲ್ಲಾದರೆ ಗೋರಖ್‌ಪುರಕ್ಕೆ ಹೋಗಿ, ಅಲ್ಲಿಂದ ಸೋನೌಲಿ ಗಡಿ ದಾಟಬಹುದು. ನಮ್ಮ 100 ರೂಪಾಯಿ ಅಲ್ಲಿ 160 ನೇಪಾಳಿ ರೂಪಾಯಿ. 1993ರಿಂದ ಈ ದರ ಬದಲಾಗಿಲ್ಲ.

ಹಣದ ವಿಷಯದಲ್ಲಿ ಪಾಲುದಾರಿಕೆ ಪಾಠ ಉಪಯೋಗಕ್ಕೆ ಬರುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ನಷ್ಟ ಸಮಾನ ಎನ್ನುತ್ತದೆ 1932ರ ಕಾಯ್ದೆ. ಪ್ರವಾಸ ವ್ಯಾಪಾರವಲ್ಲ, ಆದರೂ ನಾವು ಕರಾರು ಬರೆದುಕೊಂಡಿದ್ದೇವೆ. ಕಾರಣ, ಜೋಗಕ್ಕೆ ಹೋದಾಗ 340 ರೂಪಾಯಿಯ ಊಟದ ಬಿಲ್ಲಿಗಾಗಿ ನಮ್ಮಲ್ಲಿ ಇಬ್ಬರು ಒಂದು ತಿಂಗಳು ಮಾತು ಬಿಟ್ಟಿದ್ದರು. ಈಗ ಒಬ್ಬನ ಬಳಿ ಸಾಮಾನ್ಯ ನಿಧಿ, ಇನ್ನೊಬ್ಬನ ಬಳಿ ನಗದು ಪುಸ್ತಕ, ಪ್ರತಿ ರಾತ್ರಿ ತಾಳೆ.

ಫೋಟೊಗಳಿಗೂ ಒಂದು ನಿಯಮ ಮಾಡಿದ್ದೇವೆ. ಬೆಟ್ಟ, ಬಸ್ಸು, ಊಟ, ನಮ್ಮ ಮುಖ, ಎಲ್ಲವನ್ನೂ ಹಂಚಿಕೊಳ್ಳಬಹುದು. ಅಪರಿಚಿತ ಮಗುವಿನ ಮುಖ ಬೇಡ. ನನ್ನ ಅಮ್ಮಿ ಏಳು ವರ್ಷದವಳಿದ್ದಾಗ ಯಾರಾದರೂ ಅವಳ ಫೋಟೊ ತೆಗೆದು ಊರಿಗೆಲ್ಲ ತೋರಿಸಿದ್ದರೆ ನನಗೆ ಇಷ್ಟವಾಗುತ್ತಿರಲಿಲ್ಲ.

ನಮ್ಮ ಯೋಜನೆ ಈಗ ಹೀಗಿದೆ: ಹತ್ತು ದಿನ ಪ್ರವಾಸ, ಹಳ್ಳಿಯ ಮನೆಗಳಲ್ಲಿ ಬಾಡಿಗೆ ಕೊಟ್ಟು ವಾಸ, ಊಟಕ್ಕೆ ಸರಿಯಾದ ಬೆಲೆ. ಉಳಿದ ಐದು ದಿನದ ಹಣ ನಮ್ಮದೇ ಬೀದಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿಯ ಮಕ್ಕಳ ಫೀಸಿಗೆ. ಬಾಗಿಲಲ್ಲೇ ಕೊಟ್ಟು ಬರುತ್ತೇವೆ. ಅಬ್ಬು ಇನ್ನೂ ಪೂರ್ತಿ ಒಪ್ಪಿಲ್ಲ. ನಗದು ಪುಸ್ತಕ ತೋರಿಸು, ಆಮೇಲೆ ಮಾತಾಡೋಣ ಎಂದಿದ್ದಾರೆ.

ತರಗತಿಯಲ್ಲಿ ಚರ್ಚಿಸಿ:
1. ದೇಣಿಗೆಯನ್ನು ಬೆಲೆ ಎಂದು ಕರೆಯುವುದು ಸರಿಯೇ? ಕಾರಣ ಕೊಡಿ.
2. ಮಗುವನ್ನು ಅನಾಥಾಲಯದಲ್ಲಿ ಇಡುವ ಖರ್ಚನ್ನು ತಾಯಿಗೇ ಕೊಟ್ಟರೆ ಏನಾಗಬಹುದು?
3. ನಿಮ್ಮ ಊರಿನಲ್ಲಿ ಯಾರೂ ನೋಡದಂತೆ ನಡೆಯುತ್ತಿರುವ ಒಂದು ಸೇವೆಯನ್ನು ವಿವರಿಸಿ. ಹೆಸರು ಬರೆಯಬೇಡಿ.