ತೂಕ ಇಳಿಸಲು ಮಿತಾಹಾರ, ನಿತ್ಯ ನಡಿಗೆ

ತೂಕ ಇಳಿಸಬಯಸುವ ನಾವು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತೇವೆ: ಊಟವನ್ನೇ ಬಿಡುವುದು, ಇಲ್ಲವೆ ನಡೆದುಬಂದೆವೆಂದು ಹೆಚ್ಚು ಉಣ್ಣುವುದು. ಅರ್ಧ ಗಂಟೆಯ ಬಿರುಸಿನ ನಡಿಗೆಯಿಂದ ವ್ಯಯವಾಗುವುದು ಸುಮಾರು 130 ಕ್ಯಾಲೊರಿ. 15 ಗ್ರಾಂ ತುಪ್ಪದಿಂದ ಬಹುಮಟ್ಟಿಗೆ ಅಷ್ಟೇ ಮರಳಿ ಬರುತ್ತದೆ. ಹಾಗೆಂದು ಬರಿಯ ಉಪವಾಸದಿಂದ ತೂಕ ಇಳಿಸಹೊರಟರೆ ಕೊಬ್ಬಿನೊಡನೆ ಸ್ನಾಯುಗಳೂ ಕರಗಿ ದೇಹ ನಿಶ್ಶಕ್ತವಾಗುತ್ತದೆ.

ಆಹಾರ, ವ್ಯಾಯಾಮ ಎರಡರಿಂದಲೂ ಸೇರಿ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾದರೆ ವಾರಕ್ಕೆ ಅರ್ಧ ಕಿಲೋದಷ್ಟು ತೂಕ ಇಳಿಯಬಹುದು. ಅದಕ್ಕಿಂತ ಅವಸರ ಬೇಡ. ಎಣ್ಣೆ, ಸಿಹಿ, ಅನ್ನಗಳನ್ನು ಮಿತಗೊಳಿಸಿ, ಕಾಳು, ಸೊಪ್ಪು, ಮಜ್ಜಿಗೆಗಳನ್ನು ಬಿಡದೆ, ವಾರಕ್ಕೆ 150 ನಿಮಿಷವಾದರೂ ನಡೆಯೋಣ. ಮಧುಮೇಹಕ್ಕೆ ಔಷಧಿ ಸೇವಿಸುವವರು ಮಾತ್ರ ವೈದ್ಯರನ್ನು ಕೇಳದೆ ಊಟ ತಗ್ಗಿಸಬಾರದು; ರಕ್ತದ ಸಕ್ಕರೆಯಂಶ ಒಮ್ಮೆಲೇ ಕುಸಿಯುವ ಅಪಾಯವಿದೆ.