ಪಾಠ 14: ಹುಡುಗ ದಡ್ಡನಲ್ಲ

ಒಬ್ಬ ಹುಡುಗ. ವಯಸ್ಸು ಎಂಟು. ಮೂರನೇ ಕ್ಲಾಸು. ಕತೆ ಹೇಳು ಅಂದರೆ ಚೆನ್ನಾಗಿ ಹೇಳುತ್ತಾನೆ. ಸಂತೆಗೆ ಹೋದರೆ ಚಿಲ್ಲರೆ ಲೆಕ್ಕ ಬಾಯಲ್ಲೇ ಮಾಡುತ್ತಾನೆ. ಪುಸ್ತಕ ತೆರೆದರೆ ಮಾತ್ರ ಬೆವರುತ್ತಾನೆ. 'ಮ' ನೋಡಿ 'ವ' ಅನ್ನುತ್ತಾನೆ. 'ಅಮ್ಮ' ಬರಿ ಅಂದರೆ 'ಅಮ' ಬರೆಯುತ್ತಾನೆ. ಒತ್ತು ಬಿಡುತ್ತಾನೆ, ದೀರ್ಘ ಬಿಡುತ್ತಾನೆ. ನಿನ್ನೆ ಓದಿದ ಪದ ಇವತ್ತು ಅವನಿಗೆ ಹೊಸದು.

ಅಪ್ಪ ಹೇಳುತ್ತಾನೆ: "ಇವನ ತಲೆಗೆ ವಿದ್ಯೆ ಹತ್ತಲ್ಲ. ಶಾಲೆ ಬಿಡಿಸು. ಕುರಿ ಕಾಯಲಿ."

ತಾಯಿ ಏನು ಮಾಡಬೇಕು?

ಅಕ್ಕಾ, ಮೊದಲು ಹುಡುಗನಿಗೆ ಹೊಡೆಯುವುದು ನಿಲ್ಲಲಿ. ಇದು ಸೋಮಾರಿತನ ಇರಲಾರದು. ಕೆಲವು ಮಕ್ಕಳಿಗೆ ಅಕ್ಷರವನ್ನೂ ಅದರ ಶಬ್ದವನ್ನೂ ಜೋಡಿಸುವುದೇ ಕಷ್ಟ. ಇದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ. ಇದು ಕಲಿಕೆಯ ತೊಡಕು. ಬುದ್ಧಿ ಕಡಿಮೆ ಎಂದು ಅರ್ಥವಲ್ಲ. ಬಸುರಿಯಲ್ಲಿ ತಾಯಿ ಗ್ರಹಣ ನೋಡಿದಳು ಅನ್ನೋದೆಲ್ಲ ಸುಳ್ಳು. ಇದಕ್ಕೆ ಮಾತ್ರೆ ಇಲ್ಲ, ತಾಯಿತವೂ ಬೇಡ. ಬೇರೆ ರೀತಿ, ನಿಧಾನವಾಗಿ ಕಲಿಸಬೇಕು. ಆಗ ಓದು ಸುಧಾರಿಸುತ್ತದೆ.

ನಿಧಾನ ಓದುವವರಿಗೆಲ್ಲ ಈ ತೊಡಕು ಇರುವುದಿಲ್ಲ. ಕಣ್ಣು ಮಂಜಾಗಿರಬಹುದು. ಕಿವಿ ಸೋರುತ್ತಿರಬಹುದು. ಮನೆಯ ಮಾತು ಲಂಬಾಣಿ, ಶಾಲೆಯ ಮಾತು ಕನ್ನಡ ಇರಬಹುದು. ಅದಕ್ಕೇ ಮೊದಲು ಕಣ್ಣು, ಕಿವಿ ತೋರಿಸಿ.

ಆಮೇಲೆ ಶಾಲೆಗೆ ಹೋಗಿ. ತಾಲ್ಲೂಕಿನ ಬಿ.ಆರ್.ಸಿ. ಕಚೇರಿಯಲ್ಲಿ ಇಂಥ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರನ್ನು ಕೇಳಲು ನಾಚಿಕೆ ಬೇಡ. ಬಾಯಲ್ಲಿ ಹೇಳಿದ್ದು ಮರೆತು ಹೋಗುತ್ತದೆ. ಈಗ ನಿಮಗೆ ಬರೆಯಲು ಬರುತ್ತದಲ್ಲ, ಅರ್ಜಿ ನೀವೇ ಬರೆಯಿರಿ:

ಮುಖ್ಯೋಪಾಧ್ಯಾಯರಿಗೆ,
ನನ್ನ ಮಗ ಮೂರನೇ ತರಗತಿ. ಅವನಿಗೆ ಓದಲು, ಬರೆಯಲು ತುಂಬಾ ತೊಂದರೆ ಇದೆ. ಅವನಿಗೆ ತಜ್ಞರಿಂದ ಪರೀಕ್ಷೆ ಮಾಡಿಸಬೇಕು. ಸಂಪನ್ಮೂಲ ಶಿಕ್ಷಕರ ಸಹಾಯ ಕೊಡಿಸಬೇಕು ಎಂದು ಕೋರುತ್ತೇನೆ.
ತಾರೀಕು, ಸಹಿ.

ಎರಡು ಪ್ರತಿ ಬರೆಯಿರಿ. ಒಂದಕ್ಕೆ ಶಾಲೆಯ ಮೊಹರು ಹಾಕಿಸಿ ಇಟ್ಟುಕೊಳ್ಳಿ.

ಪರೀಕ್ಷೆ ಎಲ್ಲಿ? ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಇಂಥ ಮಕ್ಕಳನ್ನು ನೋಡುತ್ತಾರೆ. ಸೂಜಿ ಚುಚ್ಚುವುದಿಲ್ಲ. ಮಗುವಿನಿಂದ ಓದಿಸುತ್ತಾರೆ, ಬರೆಸುತ್ತಾರೆ, ಲೆಕ್ಕ ಮಾಡಿಸುತ್ತಾರೆ. ಹೊತ್ತು ಹಿಡಿಯುತ್ತದೆ, ಬುತ್ತಿ ಕಟ್ಟಿಕೊಳ್ಳಿ. ಮಗುವಿನ ಹಳೇ ನೋಟ್‌ಬುಕ್ಕು ಎಸೆಯಬೇಡಿ, ಜೊತೆಗೆ ಒಯ್ಯಿರಿ. ಅದರಲ್ಲಿರುವ ತಪ್ಪುಗಳೇ ವೈದ್ಯರಿಗೆ ದಾರಿ ತೋರಿಸುತ್ತವೆ. ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಎಂಟು ವರ್ಷ ತುಂಬಿದ ಮೇಲೆ ಕೊಡುತ್ತಾರೆ. ಆದರೆ ಸಹಾಯಕ್ಕೆ ಅಲ್ಲಿಯವರೆಗೆ ಕಾಯಬೇಕಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ತೊಡಕೂ ಸೇರಿದೆ. ಶಾಲೆಯವರು ಇದನ್ನು ಬೇಗ ಗುರುತಿಸಬೇಕು, ತಕ್ಕ ಹಾಗೆ ಕಲಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನೀವು ಕೇಳುವುದು ಉಪಕಾರವಲ್ಲ. ಮುಂದಿನ ಬೆಂಚು ಕೇಳಿ. ಪ್ರಶ್ನೆ ಬಾಯಲ್ಲಿ ಕೇಳಲು ಹೇಳಿ. ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಬೇಡಿ ಅನ್ನಿ. ಪ್ರಮಾಣಪತ್ರ ಇದ್ದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು. ಬರೆದುಕೊಡುವವರನ್ನೂ ಕೇಳಬಹುದು.

ಮನೆಯಲ್ಲಿ ದಿನಾ ಹತ್ತು ನಿಮಿಷ ಸಾಕು. ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದಿಸಿ, ತಿದ್ದುವಾಗ ಶಬ್ದ ಹೇಳಿಸಿ. ಒಂದು ದಿನಕ್ಕೆ ಒಂದೇ ಅಕ್ಷರ. ಕುರಿಯನ್ನು ರಜೆಯಲ್ಲಿ ಕಾಯಲಿ, ಯಾರೂ ಬೇಡ ಅನ್ನಲ್ಲ.

ಓದಿ, ಬರೆಯಿರಿ: ಅರ್ಜಿ, ಮೊಹರು, ಸಹಿ, ತಾರೀಕು, ಪ್ರಮಾಣಪತ್ರ.

ಮೇಲಿನ ಅರ್ಜಿಯನ್ನು ನಿಮ್ಮ ಮಗುವಿನ ಹೆಸರು, ಊರು ಹಾಕಿ ಬರೆಯಿರಿ. ಪಕ್ಕದವರಿಗೆ ಓದಿ ಹೇಳಿ.